ಲಾಕ್‌ಡೌನ್‌ನಲ್ಲಿ ನಿಮ್ಮ ಕಿರಾಣಿ ಅಂಗಡಿಯವರು ಮಾಡಿದ ನಿಯಮಗಳು: ಯಾವುದು ಕೆಲಸ ಮಾಡಿತು, ಯಾವುದು ಸುಮ್ನೆ?

ವಿನೋಬನಗರ ಕಿರಾಣಿ

ನಮ್ಮದು ದಾವಣಗೆರೆ ವಿನೋಬನಗರದಲ್ಲಿ ಸಣ್ಣ ಕಿರಾಣಿ ಅಂಗಡಿ. ಹಗಲು ಅಪ್ಪ ಕೂರುತ್ತಾರೆ, ಸಂಜೆ ನಾನು. ಈ ವಾರ ಅಂಗಡಿ ಮುಂದೆ ಟೈಲ್ಸ್ ಹಾಕಿಸುತ್ತಿದ್ದೇವೆ. ಮೇಸ್ತ್ರಿ ಹಳೇ ಸಿಮೆಂಟಿನ ಮೇಲಿನ ಮಣ್ಣು ಕೆರೆದಾಗ ಬಿಳಿ ಪೇಂಟಿನ ಎರಡು ವೃತ್ತ ಕಂಡವು. ಒಂದು ಪೂರ್ತಿ, ಇನ್ನೊಂದು ಅರ್ಧ. ಪಕ್ಕದ ಮನೆ ಪುಟ್ಟಿ, ಒಂದನೇ ಕ್ಲಾಸು, "ಇದೇನು ಮಾಮಾ, ಕುಂಟೆಬಿಲ್ಲೆನಾ?" ಅಂದಳು. ಅವಳು ಹುಟ್ಟುವ ಹೊತ್ತಿನ ಕತೆ ಅದು.

ಆ ವೃತ್ತ ಹಾಕಿದ್ದು ಅಪ್ಪ. ಆರು ಅಡಿ ಅಂತರ ಇರಬೇಕು ಅಂತ ಟಿವಿಯಲ್ಲಿ ಹೇಳಿದ್ದರು. ಮನೆಯಲ್ಲಿ ಟೇಪ್ ಸಿಗಲಿಲ್ಲ. ಅಪ್ಪ ಎರಡೂ ಕೈ ಚಾಚಿ ಒಂದು ಮಾರು ಅಳೆದು ಗುರುತು ಹಾಕಿದರು. ಅಪ್ಪ ಕುಳ್ಳು. ಹಾಗಾಗಿ ನಮ್ಮ ಅಂಗಡಿಯ ಆರು ಅಡಿ ಅಂದರೆ ಐದೂಕಾಲು ಅಡಿ. ಐದು ವೃತ್ತ ಹಾಕುವಷ್ಟರಲ್ಲಿ ನಮ್ಮ ಜಾಗ ಮುಗಿದು ಚರಂಡಿ ಬಂತು. ಆರನೆಯವರು ಎಲ್ಲಿ ನಿಲ್ಲಬೇಕು ಅನ್ನೋದು ಕೊನೆವರೆಗೂ ಬಗೆಹರಿಯಲಿಲ್ಲ.

ಮೊದಲ ನಿಯಮ ಹುಟ್ಟಿದ್ದು 2020ರ ಮಾರ್ಚ್ 24ರ ರಾತ್ರಿ. ಎಂಟು ಗಂಟೆಗೆ ಪ್ರಧಾನಿ ಮಾತಾಡಿದರು. ಮಧ್ಯರಾತ್ರಿಯಿಂದ 21 ದಿನ ಎಲ್ಲ ಬಂದ್ ಅಂದರು. ಮಾರನೇ ದಿನ ಯುಗಾದಿ ಬೇರೆ. ಹೋಳಿಗೆ ಸಾಮಾನು ಅಂತ ಬೆಲ್ಲ, ಕಡ್ಲೆಬೇಳೆ, ಮೈದಾ ಮೊದಲೇ ಅರ್ಧ ಖಾಲಿಯಾಗಿದ್ದವು. ಎಂಟೂವರೆಗೆ ಅಂಗಡಿ ಮುಂದೆ ಜಾತ್ರೆ. ದಿನಸಿ ಅಂಗಡಿಗೆ ಬಂದ್ ಇಲ್ಲ ಅಂತ ಅವತ್ತೇ ಹೇಳಿದ್ದರು, ಆದರೆ ಅದು ಯಾರ ಕಿವಿಗೂ ಬಿದ್ದಿರಲಿಲ್ಲ. ಒಬ್ಬರು 25 ಕೆಜಿಯ ಎರಡು ಅಕ್ಕಿ ಚೀಲ ಸ್ಕೂಟರ್ ಮೇಲೆ ಹೇರಿಕೊಂಡು ಹೋದರು. ಅವರ ಮನೆಯಲ್ಲಿ ಇರೋದು ಇಬ್ಬರೇ. ಅದನ್ನು ನೋಡಿ ಅಪ್ಪ ಅರ್ಧ ಶಟರ್ ಎಳೆದು ಕೂಗಿದರು. ಮನೆಗೆ ಸಕ್ಕರೆ ಎರಡು ಕೆಜಿ, ಬೇಳೆ ಒಂದು ಕೆಜಿ, ಎಣ್ಣೆ ಎರಡು ಪ್ಯಾಕೆಟ್. ಅಷ್ಟೇ.

ಇಪ್ಪತ್ತು ವರ್ಷದಿಂದ ನಮ್ಮಲ್ಲೇ ತಗೊಳ್ಳುವ ಒಬ್ಬರಿಗೆ ಸಿಟ್ಟು ಬಂತು. "ನನಗೂ ಒಂದು ಕೆಜಿ, ನಿನ್ನೆ ಬಾಡಿಗೆಗೆ ಬಂದೋರಿಗೂ ಒಂದು ಕೆಜಿನಾ?" ಅಪ್ಪ ಮಾತಾಡದೆ ಒಂದು ಕೆಜಿ ಕಟ್ಟಿ ಮುಂದಿಟ್ಟರು. ಅವರು ಅಲ್ಲೇ ಬಿಟ್ಟು ಹೋದರು. ಮೂರನೇ ದಿನ ವಾಪಸ್ ಬಂದರು, ಆ ಮಾತು ಇಬ್ಬರೂ ಎತ್ತಲಿಲ್ಲ.

ಎರಡನೆಯದು ಚೀಟಿ. ಸಂಜೆ ಬಂದು ಸಾಮಾನಿನ ಚೀಟಿಯನ್ನು ಶಟರ್ ಪಕ್ಕದ ಕೊಕ್ಕೆಗೆ ಸಿಗಿಸಿ ಹೋಗಬೇಕು, ಹಿಂದೆ ಫೋನ್ ನಂಬರ್ ಬರೆದಿರಬೇಕು. ರಾತ್ರಿ ನಾನು, ಅಮ್ಮ, ತಂಗಿ ಕೂತು ಕಟ್ಟುತ್ತಿದ್ದೆವು. ಬೆಳಿಗ್ಗೆ ಫೋನ್ ಹೋದ ಮೇಲೆ ಬಂದು ಚೀಲ ಎತ್ತಿಕೊಂಡು ಹೋಗಬೇಕು. ಹೀಗೆ ಮಾಡಿದ ಮೇಲೆ ಒಬ್ಬೊಬ್ಬರು ಅಂಗಡಿ ಮುಂದೆ ನಿಲ್ಲುವುದು ಒಂದೆರಡು ನಿಮಿಷಕ್ಕೆ ಇಳಿಯಿತು. ವೃತ್ತಕ್ಕೆ ಕೆಲಸವೇ ಇಲ್ಲದಂತಾಯಿತು.

ಚೀಟಿಯಿಂದ ಆದ ಅವಾಂತರವೂ ಕಮ್ಮಿ ಇಲ್ಲ. ನಮ್ಮ ಬೀದಿಯಲ್ಲಿ ಮೈಸೂರು ಕಡೆಯ ಬ್ಯಾಂಕಿನವರೊಬ್ಬರು ಇದ್ದರು. "ಕಡ್ಲೆ 1 ಕೆಜಿ" ಅಂತ ಬರೆದಿದ್ದರು. ನಾವು ಕಡ್ಲೆಕಾಳು ಕಟ್ಟಿ ಕಳಿಸಿದೆವು. ಅವರಿಗೆ ಬೇಕಾಗಿದ್ದು ಚಟ್ನಿಗೆ ಹಾಕೋ ಹುರಿಗಡಲೆ, ಅಂದರೆ ನಮ್ಮ ಪುಟಾಣಿ. ಮುಂದಿನ ಸಲ "ಕಡ್ಲೆಬೀಜ" ಅಂತ ಬರೆದರು. ಅಮ್ಮ ಪುಟಾಣಿ ಕಟ್ಟಿದರು. ಅವರು ಕೇಳಿದ್ದು ಶೇಂಗಾ. ಆಮೇಲೆ ಪಾಪ ಚೀಟಿಯಲ್ಲಿ ಚಿತ್ರ ಬರೆಯೋಕೆ ಶುರು ಮಾಡಿದರು.

ಮೂರನೆಯದು ಉದ್ರಿ. ಇದು ಕಷ್ಟದ್ದು. ಮಂಡಿಪೇಟೆಯ ಹೋಲ್‌ಸೇಲ್‌ನವರು ನಮಗೆ 15 ದಿನದ ಗಡುವು ಕೊಡುತ್ತಿದ್ದರು. ಏಪ್ರಿಲ್ ಮೊದಲ ವಾರ ಅದು ನಿಂತಿತು, ದುಡ್ಡು ಇಟ್ಟು ಚೀಲ ಎತ್ತಿ ಅಂದರು. ಹಾಗಾಗಿ ನಾವೂ ಹಳೇ ಬಾಕಿ ಹಾಗೇ ಇರಲಿ, ಹೊಸದಕ್ಕೆ ನಗದು ಅಂತ ರಟ್ಟಿನ ಮೇಲೆ ಬರೆದು ನೇತುಹಾಕಿದೆವು. ಆದರೆ ಹನ್ನೊಂದು ಮನೆಗೆ ಮಾತ್ರ ಅಪ್ಪ ಉದ್ರಿ ಬಿಡಲಿಲ್ಲ. ಆಟೋ ಓಡಿಸುವವರು, ಹೋಟೆಲ್ ಕೆಲಸದವರು, ಮನೆಗೆಲಸಕ್ಕೆ ಹೋಗುವ ಇಬ್ಬರು ಹೆಂಗಸರು. ಪಟ್ಟಿ ಬರೆದಿಡಲಿಲ್ಲ, ಅಪ್ಪನ ತಲೆಯಲ್ಲೇ ಇತ್ತು.

ನಿಮ್ಮ ಕಡೆ ಏನೇನು ನಡೆಯಿತು? ಅಂಗಡಿಯವರೇ ಬರೆಯಬೇಕು ಅಂತೇನಿಲ್ಲ. ಗಿರಾಕಿಗಳು ಬೈದರೂ ಪರವಾಗಿಲ್ಲ.

ಎಂಸಿಸಿ ಬಿ ಬ್ಲಾಕ್ ಅಕ್ಕ

ಬೈಯೋಕೆ ಅವಕಾಶ ಕೊಟ್ಟಿದ್ದೀರಿ, ಬಿಡ್ತೀನಾ?

ನಿಮ್ಮ ಅಪ್ಪನಂಥವರು ಇದ್ದರು, ಇಲ್ಲ ಅನ್ನಲ್ಲ. ನಮ್ಮ ಮನೆ ಹತ್ತಿರದ ಒಂದು ಅಂಗಡಿ, ಹೆಸರು ಬೇಡ, ಏಪ್ರಿಲ್‌ನಲ್ಲಿ ಹೊಸ ನಿಯಮ ಮಾಡಿತು. ತೊಗರಿಬೇಳೆ ಪ್ಯಾಕೆಟ್ ಇಲ್ಲ, ಲೂಸ್ ಮಾತ್ರ. ಪ್ಯಾಕೆಟ್ ಬರ್ತಾ ಇಲ್ಲ ಅಕ್ಕಾ, ಲಾರಿನೇ ಇಲ್ಲ ಅಂತ ಹೇಳುತ್ತಿದ್ದರು. ನಂಬಿದೆ. ಲೂಸ್ ರೇಟು ಮಾತ್ರ ದಿನಕ್ಕೊಂದು. ಒಂದು ಬೆಳಿಗ್ಗೆ ಕಸದ ಗಾಡಿ ಬಂದಾಗ ನಾನೂ ಕಸ ಹಾಕೋಕೆ ಹೋಗಿದ್ದೆ. ಆ ಅಂಗಡಿಯ ಬುಟ್ಟಿ ನನ್ನ ಮುಂದೆಯೇ ಸುರಿದರು. ಒಂದು ಕೆಜಿ ಬೇಳೆಯ ಖಾಲಿ ಕವರು, ನೀಟಾಗಿ ಕತ್ತರಿಸಿದ್ದು, ಒಂದರ ಮೇಲೊಂದು. ಇಪ್ಪತ್ತಾದರೂ ಇದ್ದವು.

ಪ್ಯಾಕೆಟ್ ಮೇಲೆ ಎಂಆರ್‌ಪಿ ಇರುತ್ತೆ, ಅದಕ್ಕಿಂತ ಜಾಸ್ತಿ ತಗೊಂಡರೆ ಕೇಸು. ಸುರಿದು ಮಾರಿದರೆ ಯಾರು ಕೇಳ್ತಾರೆ ಅನ್ನೋ ಲೆಕ್ಕ ಇರಬೇಕು. ಅವತ್ತಿಂದ ಆ ಅಂಗಡಿ ಮೆಟ್ಟಿಲು ಹತ್ತಿಲ್ಲ.

ಮಂಡಿ ಗುಮಾಸ್ತ

ಅಕ್ಕಾ, ಆ ಅಂಗಡಿ ಮಾಡಿದ್ದು ತಪ್ಪೇ. ಆದರೆ ಲಾರಿ ಇರಲಿಲ್ಲ ಅನ್ನೋದು ಪೂರ್ತಿ ಸುಳ್ಳಲ್ಲ. ನಾನು ಆಗ ಒಂದು ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ.

ಸರಕು ಲಾರಿಗೆ ತಡೆ ಇಲ್ಲ ಅಂತ ಕಾಗದದಲ್ಲಿತ್ತು. ದಾರಿಯಲ್ಲಿ ಡಾಬಾ ಇಲ್ಲ, ಪಂಕ್ಚರ್ ಅಂಗಡಿ ಇಲ್ಲ, ಡ್ರೈವರ್‌ಗೆ ಊಟ ಇಲ್ಲ. ಸಾಮಾನು ಇಳಿಸಿ ಖಾಲಿ ವಾಪಸ್ ಹೋಗುವಾಗ "ಖಾಲಿ ಗಾಡಿ ಯಾಕೆ ಓಡಿಸ್ತೀಯಾ" ಅಂತ ನಿಲ್ಲಿಸುತ್ತಿದ್ದರು. ತೊಗರಿಬೇಳೆ ಬರುವುದು ಕಲಬುರಗಿ ಕಡೆಯಿಂದ. ಅಲ್ಲಿಂದ ಹೊರಟ ಗಾಡಿ ಯಾವಾಗ ಬರುತ್ತೆ ಅಂತ ಯಾರೂ ಹೇಳುವ ಹಾಗಿರಲಿಲ್ಲ.

ಬಂದರೂ ಇಳಿಸೋರು ಯಾರು? ಹಮಾಲರು ಬಸ್ ನಿಲ್ಲುವ ಮೊದಲೇ ಊರು ಸೇರಿದ್ದರು. ಒಂದು ರಾತ್ರಿ ಸಾವ್ಕಾರರು, ಅವರ ಅಳಿಯ, ನಾನು, ಮೂವರೇ ಸೇರಿ ಐವತ್ತು ಕೆಜಿ ಸಕ್ಕರೆ ಚೀಲ ಇಳಿಸಿದೆವು. ನಾಲ್ಕನೇ ಚೀಲಕ್ಕೆ ಸಾವ್ಕಾರರು ನೆಲಕ್ಕೆ ಕೂತುಬಿಟ್ಟರು. ಹಮಾಲಿ ರೇಟು ಜಾಸ್ತಿ ಆಯ್ತು ಅಂತ ಪ್ರತಿ ವರ್ಷ ಜಗಳ ತೆಗೆಯುತ್ತಿದ್ದ ಮನುಷ್ಯ. ಆ ವರ್ಷ ತೆಗೆಯಲಿಲ್ಲ.

ಉದ್ರಿ ನಿಲ್ಲಿಸಿದ್ದಕ್ಕೂ ಕಾರಣ ಇದೆ. ನಮಗೆ ಮೇಲಿನವರು ಮುಂಗಡ ಕೇಳಿದರು, ನಾವು ಕೆಳಗಿನವರನ್ನು ಕೇಳಿದೆವು. ಸರ್ಕಾರ ಬೆಲೆ ಕಟ್ಟಿದ್ದು ಮಾಸ್ಕು, ಸ್ಯಾನಿಟೈಸರ್‌ಗೆ. 2020ರ ಮಾರ್ಚ್ 13ಕ್ಕೆ ಅವನ್ನು ಅಗತ್ಯ ವಸ್ತು ಪಟ್ಟಿಗೆ ಸೇರಿಸಿದರು. 21ಕ್ಕೆ 200 ಎಂಎಲ್ ಸ್ಯಾನಿಟೈಸರ್‌ಗೆ 100 ರೂಪಾಯಿ, ಮೂರು ಪದರದ ಮಾಸ್ಕ್‌ಗೆ 10 ರೂಪಾಯಿ ಅಂತ ಮಿತಿ ಹಾಕಿದರು. ಬೇಳೆ ದಾಸ್ತಾನಿಗೆ ಮಿತಿ ಬಂದಿದ್ದು 2021ರ ಜುಲೈನಲ್ಲಿ. ಅಷ್ಟು ಹೊತ್ತಿಗೆ ಮಾಡಿಕೊಳ್ಳೋರು ಮಾಡಿಕೊಂಡಾಗಿತ್ತು.

ಎಂಸಿಸಿ ಬಿ ಬ್ಲಾಕ್ ಅಕ್ಕ

ನಿಮ್ಮ ಸಾವ್ಕಾರರ ಬೆನ್ನು ಈಗ ಹೇಗಿದೆ?

ಮಂಡಿ ಗುಮಾಸ್ತ

ಬೆಲ್ಟ್ ಹಾಕ್ತಾರೆ.

ಸಿಡ್ನಿಯಲ್ಲಿ ಸಿಕ್ಕಿಬಿದ್ದ ಅಜ್ಜಿ

ನಾನು ಪಿಜೆ ಬಡಾವಣೆಯವಳು. ಆ ಫೆಬ್ರವರಿಯಲ್ಲಿ ಮಗಳ ಬಾಣಂತನಕ್ಕೆ ಅಂತ ಸಿಡ್ನಿಗೆ ಹೋದವಳು ವಿಮಾನ ನಿಂತು ಅಲ್ಲೇ ಉಳಿದೆ. ಹಾಗಾಗಿ ನಾನು ಕಂಡಿದ್ದು ಅಲ್ಲಿಯ ಅಂಗಡಿ.

ಅಲ್ಲಿ ವೂಲ್‌ವರ್ತ್ಸ್ ಅನ್ನೋ ದೊಡ್ಡ ಅಂಗಡಿಯವರು ಮಾರ್ಚ್ 17ರಿಂದ ಬೆಳಿಗ್ಗೆ 7ರಿಂದ 8ರವರೆಗೆ ವಯಸ್ಸಾದವರಿಗೆ, ಅಂಗವಿಕಲರಿಗೆ ಮಾತ್ರ ಬಾಗಿಲು ತೆರೆದರು. ಪಿಂಚಣಿ ಕಾರ್ಡಿನಂಥದ್ದು ತೋರಿಸಬೇಕು. ನನ್ನ ಹತ್ತಿರ ಎಲ್ಲಿಂದ ಬರಬೇಕು? ಬಾಗಿಲಲ್ಲಿದ್ದ ಹುಡುಗ ನನ್ನ ತಲೆ ನೋಡಿ ನಕ್ಕು ಒಳಗೆ ಬಿಟ್ಟ. ಬಿಳಿ ಕೂದಲು ಒಂದು ಸಲ ಉಪಯೋಗಕ್ಕೆ ಬಂತು. ಬೇಗ ಹೋದರೆ ಸಾಮಾನು ಸಿಗುತ್ತೆ ಅನ್ನೋದೇ ಅದರ ಲಾಭ. ಎಂಟರ ಮೇಲೆ ಹೋದವರಿಗೆ ಅಕ್ಕಿ, ಹಿಟ್ಟಿನ ಸಾಲು ಖಾಲಿ. ಟಾಯ್ಲೆಟ್ ಪೇಪರ್‌ಗೆ ತಲೆಗಿಷ್ಟು ಅಂತ ಲೆಕ್ಕ. ಅಳಿಯನಿಗೆ ಅದೇ ದೊಡ್ಡ ಚಿಂತೆ. ನಾನು "ಚೊಂಬು ತಗೊಂಡು ಬಾರಪ್ಪ" ಅಂದೆ.

ನಮ್ಮೂರಲ್ಲಿ ಯಾರಾದರೂ ವಯಸ್ಸಾದವರಿಗೆ ಅಂತ ಬೇರೆ ಸಮಯ ಇಟ್ಟಿದ್ದರಾ?

ವಿನೋಬನಗರ ಕಿರಾಣಿ

ಅಜ್ಜಿ, ಇಡೋ ಅಗತ್ಯವೇ ಬರಲಿಲ್ಲ. ಆರಕ್ಕೆ ಶಟರ್ ಎತ್ತುವಾಗ ಮೂರು ಜನ ಅಜ್ಜಂದಿರು ಕಟ್ಟೆ ಮೇಲೆ ಕೂತಿರುತ್ತಿದ್ದರು, ಒಂದೇ ವೃತ್ತದಲ್ಲಿ. ಅವರನ್ನು ಮನೆಗೆ ಕಳಿಸುವುದೇ ನಮ್ಮ ಕೆಲಸವಾಗಿತ್ತು. ಕೊನೆಗೆ ಅವರ ಮನೆಯವರೇ ಫೋನ್ ಮಾಡಿ, "ಅಪ್ಪ ಬಂದರೆ ಏನೂ ಕೊಡಬೇಡಿ" ಅಂದರು. ಅದನ್ನೂ ಪಾಲಿಸಿದೆವು. ಒಬ್ಬ ಅಜ್ಜ ನಶ್ಯಕ್ಕೆ ಬಂದವರು ಈಗಲೂ ಅಪ್ಪನ ಜೊತೆ ಸರಿಯಾಗಿ ಮಾತಾಡಲ್ಲ.

ಬಟ್ಟಿ ಹುಡುಗ

ನಿಮ್ಮೆಲ್ಲರಿಗೂ ಬೀದಿ ತೆರೆದಿತ್ತು. ನಮ್ಮದು ಮುಚ್ಚಿತ್ತು.

2020ರ ಏಪ್ರಿಲ್ ಕೊನೆಗೆ ಬಾಷಾ ನಗರ, ಅದರ ಹಿಂದೆಯೇ ಜಾಲಿನಗರ ಸೀಲ್‌ಡೌನ್ ಆದವು. ಅದಕ್ಕೂ ಮೊದಲು ಊರು ಹಸಿರು ವಲಯ ಅಂತ ಎಲ್ಲರೂ ಖುಷಿಯಲ್ಲಿದ್ದರು. ಬೀದಿಯ ಎರಡೂ ತುದಿಗೆ ತಗಡು, ಬೊಂಬು. ನಮ್ಮ ಮನೆಯವರೆಲ್ಲ ಮಂಡಕ್ಕಿ ಬಟ್ಟಿ ಕೆಲಸದವರು. ಬಟ್ಟಿ ಆರಿತು. ಊರಲ್ಲಿ ಸಂಜೆ ಮಿರ್ಚಿ ಅಂಗಡಿಗಳೂ ಇರಲಿಲ್ಲ, ಮಂಡಕ್ಕಿ ಕೇಳೋರೇ ಇಲ್ಲ.

ತಗಡಿನ ಆಚೆ ಒಂದು ಅಂಗಡಿ ಇತ್ತು. ಆ ಚಾಚಾ ಒಂದು ಹಲಗೆ ತಂದು ತಗಡಿನ ಸಂದಿಗೆ ಇಳಿಜಾರಾಗಿ ಇಟ್ಟರು. ಆಚೆಯಿಂದ ಚೀಲ ಜಾರಿಸಿದರೆ ಈಚೆ ನಾವು ಹಿಡಿಯಬೇಕು. ದುಡ್ಡು ಈಚೆಯಿಂದ ಡಬ್ಬಿಯಲ್ಲಿ. ಡಬ್ಬಿಯಲ್ಲಿ ಸೋಪಿನ ನೀರು. ಇಪ್ಪತ್ತರ ನೋಟು ಸೋಪಿನ ನೀರಲ್ಲಿ ನೆನೆದು ಮೆತ್ತಗಾಗಿ, ಅವರು ಅದನ್ನು ಅಗರಬತ್ತಿ ಡಬ್ಬದ ಮೇಲೆ ಅಂಟಿಸಿ ಒಣಗಿಸುತ್ತಿದ್ದರು. ಅದು ರಂಜಾನ್ ತಿಂಗಳು. ಖರ್ಜೂರ ಮಾತ್ರ ಲೆಕ್ಕಕ್ಕೆ ಬರೆದುಕೊಳ್ಳಲಿಲ್ಲ ಅವರು.

ಮೊಟ್ಟೆ ಒಂದನ್ನು ಆ ಹಲಗೆ ಮೇಲೆ ಕಳಿಸೋಕೆ ಆಗಲಿಲ್ಲ. ಎರಡು ಸಲ ನೋಡಿ ಬಿಟ್ಟರು.

ಆಮೇಲೆ ಇನ್ನೊಂದು. ಸೀಲ್‌ಡೌನ್ ತೆಗೆದ ಮೇಲೂ ಬೇರೆ ಕಡೆಯ ಕೆಲವು ಅಂಗಡಿಗಳಲ್ಲಿ "ಎಲ್ಲಿಂದ ಬಂದಿದ್ದೀರಿ?" ಅಂತ ಕೇಳಿ ಸಾಮಾನು ಕೊಡುತ್ತಿರಲಿಲ್ಲ. ಅದೂ ಒಂದು ನಿಯಮನೇ, ರಟ್ಟಿನ ಮೇಲೆ ಬರೆದಿರಲಿಲ್ಲ ಅಷ್ಟೇ. ನಾನು ವಿದ್ಯಾನಗರ ಅಂತ ಸುಳ್ಳು ಹೇಳಿ ಸಕ್ಕರೆ ತಂದಿದ್ದೇನೆ.

ವಿನೋಬನಗರ ಕಿರಾಣಿ

ನಮ್ಮ ಅಂಗಡಿಯಲ್ಲಿ ಕೇಳಿಲ್ಲ ಅಂತ ಬರೆಯೋಕೆ ಹೊರಟೆ. ಅಮ್ಮನನ್ನು ಕೇಳಿದೆ. "ಒಂದೆರಡು ಸಲ ಕೇಳಿದ್ವಿ ಕಣೋ, ಹೆದರಿಕೆ ಆಗಿತ್ತು" ಅಂದರು. ಹಾಗಾಗಿ ನಮ್ಮದೂ ಸೇರಿಸಿಕೊಳ್ಳಿ. ಕ್ಷಮೆ ಇರಲಿ.

ಲ್ಯಾಬ್ ಕೋಟು

ಸೋಪಿನ ನೀರಿನ ನೋಟು ಓದಿ ಮನಸ್ಸಿಗೆ ಹೇಗೋ ಆಯ್ತು. ಆ ಕಾಲಕ್ಕೆ ಅದು ತಪ್ಪಲ್ಲ. ಪ್ಲಾಸ್ಟಿಕ್, ಸ್ಟೀಲ್ ಮೇಲೆ ವೈರಾಣು 72 ಗಂಟೆವರೆಗೆ, ರಟ್ಟಿನ ಮೇಲೆ 24 ಗಂಟೆವರೆಗೆ ಉಳಿಯಬಹುದು ಅಂತ 2020ರ ಮಾರ್ಚ್‌ನಲ್ಲೇ ಒಂದು ಪ್ರಯೋಗ ಹೇಳಿತ್ತು. ನಾವೆಲ್ಲ ಬಿಸ್ಕೆಟ್ ಪ್ಯಾಕೆಟ್ ತೊಳೆದು ಬಟ್ಟೆ ಹಗ್ಗಕ್ಕೆ ಕ್ಲಿಪ್ ಹಾಕಿ ನೇತುಹಾಕಿದ್ದು ಅದಕ್ಕೇ. ಪ್ರಯೋಗಾಲಯದಲ್ಲಿ ಉಳಿಯುವುದು ಬೇರೆ, ಅದರಿಂದ ರೋಗ ಹತ್ತುವುದು ಬೇರೆ. 2021ರ ಏಪ್ರಿಲ್‌ನಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, ವೈರಾಣು ಅಂಟಿದ ಮೇಲ್ಮೈಯನ್ನು ಒಂದು ಸಲ ಮುಟ್ಟಿದರೆ ಸೋಂಕು ಹತ್ತುವ ಸಾಧ್ಯತೆ ಸಾಮಾನ್ಯವಾಗಿ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಮ್ಮಿ ಅಂತ ಹೇಳಿತು. ಮುಖ್ಯ ದಾರಿ ಉಸಿರಿನ ಗಾಳಿ.

ಹಾಗೆ ನೋಡಿದರೆ ನಮ್ಮ ಹಳೇ ಕಿರಾಣಿ ಅಂಗಡಿಯ ಆಕಾರವೇ ಒಳ್ಳೆಯದು. ಗಿರಾಕಿ ಬೀದಿಯಲ್ಲಿ, ತೆರೆದ ಗಾಳಿಯಲ್ಲಿ ನಿಲ್ಲುತ್ತಾನೆ. ಏನನ್ನೂ ಮುಟ್ಟಲ್ಲ, ಕೇಳಿದ್ದನ್ನು ಅಂಗಡಿಯವರೇ ತೆಗೆದುಕೊಡುತ್ತಾರೆ. ಏಸಿ ಹಾಕಿದ ದೊಡ್ಡ ಸೂಪರ್ ಮಾರ್ಕೆಟ್‌ನವರು ಬಾಣದ ಗುರುತು ಹಾಕಿ, ಒಳಗೆ ಇಷ್ಟೇ ಜನ ಅಂತ ಟೋಕನ್ ಕೊಟ್ಟು ಒದ್ದಾಡಿದ್ದು ಗಿರಾಕಿಯನ್ನು ಒಳಗೆ ಬಿಟ್ಟುಕೊಂಡಿದ್ದಕ್ಕೆ. ಆದರೆ ಈ ಲೆಕ್ಕದಲ್ಲಿ ಸಿಕ್ಕಿಹಾಕಿಕೊಳ್ಳೋದು ಗಲ್ಲಾ ಮೇಲೆ ಕೂತವರು. ಗಿರಾಕಿ ಒಂದು ಮುಖ ನೋಡಿ ಹೋಗುತ್ತಾನೆ, ಅವರು ದಿನಕ್ಕೆ ಇನ್ನೂರು ಮುಖ ನೋಡಬೇಕು.

ವಿನೋಬನಗರ ಕಿರಾಣಿ

ಇದನ್ನು ಅಪ್ಪನಿಗೆ ಓದಿ ಹೇಳಿದೆ. ಮುಂದೆ ಪ್ಲಾಸ್ಟಿಕ್ ಹಾಳೆ ಕಟ್ಟಿದ್ದೆವು. ಎರಡೇ ದಿನ ಇತ್ತು. ಅಪ್ಪನಿಗೆ ಕೇಳಿಸುತ್ತಿರಲಿಲ್ಲ, ಅವರು ಹಾಳೆಯ ಪಕ್ಕಕ್ಕೆ ಮುಖ ಹಾಕಿ "ಆಂ?" ಅನ್ನುತ್ತಿದ್ದರು. ಗಿರಾಕಿಯೂ ಮಾಸ್ಕ್ ಇಳಿಸಿ ಅದೇ ಕಡೆ ಮುಖ ತಂದು ಕೂಗುತ್ತಿದ್ದರು. ಸೆಖೆ ಬೇರೆ. ಕಿತ್ತು ಹಾಕಿ ಟೇಬಲ್ ಫ್ಯಾನನ್ನು ಬೀದಿ ಕಡೆ ತಿರುಗಿಸಿಟ್ಟೆವು. ಅದು ಸರಿಯೋ ತಪ್ಪೋ ನೀವೇ ಹೇಳಬೇಕು. ಅಪ್ಪನಿಗೆ 2020ರಲ್ಲಿ ಏನೂ ಆಗಲಿಲ್ಲ. 2021ರ ಮೇನಲ್ಲಿ ಬಂತು, ಹನ್ನೆರಡು ದಿನ ಆಸ್ಪತ್ರೆ.

ಸೈಕಲ್ ಡೆಲಿವರಿ

2021ರದ್ದೇ ಬೇರೆ ಕತೆ. ಏಪ್ರಿಲ್ 27ರ ರಾತ್ರಿಯಿಂದ ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ ಅಂಗಡಿ. ಜನ ಸೇರಬಾರದು ಅಂತ ಸಮಯ ಕಮ್ಮಿ ಮಾಡಿದರು. ಇಡೀ ದಿನದ ಗಿರಾಕಿ ನಾಲ್ಕು ಗಂಟೆಯಲ್ಲಿ ಬಂದರೆ ಏನಾಗುತ್ತೆ? ಒಂಬತ್ತೂವರೆಗೆ ಅಂಗಡಿ ಮುಂದೆ ಒಬ್ಬರ ಭುಜಕ್ಕೆ ಒಬ್ಬರ ಭುಜ. ನಾನು ಆಗ ನಿಟುವಳ್ಳಿಯ ಒಂದು ಅಂಗಡಿಗೆ ಮನೆ ಮನೆಗೆ ಸಾಮಾನು ಹಾಕುತ್ತಿದ್ದೆ.

ಮೇ 10ರಿಂದ ಸಾಮಾನಿಗೂ ಗಾಡಿ ತೆಗೆಯಬೇಡಿ, ನಡೆದೇ ಹೋಗಿ ಅಂದರು. ಬೈಕ್ ಹಿಡಿದು ಸಾಲಾಗಿ ನಿಲ್ಲಿಸಿದ್ದು ಎಲ್ಲರೂ ನೋಡಿದ್ದೀರಿ. ನಾನು ಚಿಕ್ಕಪ್ಪನ ಹಳೇ ಸೈಕಲ್ ಹೊರತೆಗೆದೆ. ಹಿಂದೆ ಹಾಲಿನ ಕ್ರೇಟು ಕಟ್ಟಿದೆ. ಪೆಟ್ರೋಲ್ ಖರ್ಚಿಲ್ಲ, ಸಂದಿಯಲ್ಲಿ ನುಗ್ಗುತ್ತೆ. ಒಂದು ದಿನಕ್ಕೆ ಮೂವತ್ತು ಮನೆ ಮುಟ್ಟಿಸಿದ್ದೇನೆ. ಆಮೇಲೆ ಬೇರೆ ಜಿಲ್ಲೆಗಳಿಗೆ ಜೂನ್ 14ಕ್ಕೆ ಸಡಿಲ ಮಾಡಿದರು. ಸೋಂಕು ಇಳಿಯದ 11 ಜಿಲ್ಲೆಯಲ್ಲಿ ನಮ್ಮದೂ ಒಂದು, 21ರವರೆಗೆ ಅದೇ ನಾಲ್ಕು ಗಂಟೆ.

ನನ್ನ ಮಾಲೀಕರು ಮಾಡಿದ ಒಂದು ನಿಯಮ ಚೆನ್ನಾಗಿತ್ತು. ಯಾರ ಮನೆಯಲ್ಲಿ ಪಾಸಿಟಿವ್ ಇದೆಯೋ ಅವರು ಮುಚ್ಚಿಡಬಾರದು, ಹೇಳಿದರೆ ಅವರ ಸಾಮಾನೇ ಮೊದಲು. ಮೊದಮೊದಲು ಯಾರೂ ಹೇಳುತ್ತಿರಲಿಲ್ಲ, ಹೇಳಿದರೆ ಸಾಮಾನು ನಿಲ್ಲಿಸ್ತಾರೆ ಅಂತ ಭಯ. ಮೊದಲು ಸಿಗುತ್ತೆ ಅಂತ ಗೊತ್ತಾದ ಮೇಲೆ ತಾವಾಗೇ ಫೋನ್ ಮಾಡಿದರು. ಗೇಟಿಗೆ ನೇತುಹಾಕಿ ಬೆಲ್ ಹೊಡೆದು ಬರುತ್ತಿದ್ದೆ. ದುಡ್ಡು ಫೋನಲ್ಲೇ.

ದುರ್ಗದವನು

ದಾವಣಗೆರೆಯವರ ಮಾತೇ ಆಯ್ತು. ಚಳ್ಳಕೆರೆ ಕಡೆಯಿಂದ ಒಂದು ಮಾತು ಸೇರಿಸಲಾ?

ನಮ್ಮದು ಶೇಂಗಾ ಎಣ್ಣೆ ಊರು, ನಿಮಗೇನಪ್ಪ ಅಂತ ನೆಂಟರೆಲ್ಲ ಅನ್ನುತ್ತಿದ್ದರು. ನಿಜ ಏನಂದರೆ ಹಳ್ಳಿ ಅಂಗಡಿಯಲ್ಲಿ ಜನ ತಗೊಳ್ಳೋದು ಪ್ಯಾಕೆಟ್ ಪಾಮ್ ಎಣ್ಣೆ. ಅದು ಹಡಗಿನಲ್ಲಿ ಬರಬೇಕು. ನಮ್ಮ ಹಳ್ಳಿ ಅಂಗಡಿಯಮ್ಮ ಎಣ್ಣೆ ಪ್ಯಾಕೆಟ್ ಬರದಿದ್ದಾಗ ಶೇಂಗಾ ಇದ್ದವರಿಂದ ಶೇಂಗಾ ತಗೊಂಡು, ಗಾಣಕ್ಕೆ ಕೊಟ್ಟು, ಎಣ್ಣೆ ವಾಪಸ್ ಅಳೆದು ಕೊಟ್ಟಳು. ಹಿಂಡಿ ಅವಳ ಎಮ್ಮೆಗೆ. ದುಡ್ಡು ಕೈ ಬದಲಾಗಲೇ ಇಲ್ಲ.

ಬೀಡಿ, ಗುಟ್ಕಾ ಮಾರಬಾರದು ಅಂತಿತ್ತಲ್ಲ. ಆ ನಿಯಮ ಪಾಲಿಸಿದ ಒಂದು ಅಂಗಡಿ ತೋರಿಸಿ, ನಾನು ಬೆಣ್ಣೆದೋಸೆ ಕೊಡಿಸ್ತೀನಿ.

ಎಂಸಿಸಿ ಬಿ ಬ್ಲಾಕ್ ಅಕ್ಕ

ನ್ಯಾಯಬೆಲೆ ಅಂಗಡಿ ಯಾರೂ ಎತ್ತಲಿಲ್ಲ. ನಮ್ಮ ಮನೆಗೆ ಬರುವ ಗಂಗಕ್ಕ ಹೇಳುತ್ತಿದ್ದಳು, ಏಪ್ರಿಲ್‌ನಲ್ಲಿ ಎರಡು ತಿಂಗಳದ್ದು ಒಟ್ಟಿಗೇ ಕೊಟ್ಟರು, ಆಮೇಲೆ ಕೇಂದ್ರದ ಅಕ್ಕಿ ತಲೆಗೆ 5 ಕೆಜಿ ಬೇರೆ, ಕಾರ್ಡಿಗೆ ಒಂದು ಕೆಜಿ ಬೇಳೆ. ಬೆರಳಚ್ಚು ಬೇಡ, ಫೋನಿಗೆ ಬರೋ ಒಟಿಪಿ ಹೇಳಿ ಅಂದರಂತೆ. ಅವಳ ಫೋನು ಮಗನ ಹತ್ತಿರ, ಮಗ ಬೆಂಗಳೂರಲ್ಲಿ. ಕ್ಯೂನಲ್ಲಿ ನಿಂತು ನನ್ನ ಫೋನಿನಿಂದ ಅವನಿಗೆ ಫೋನ್ ಮಾಡಿ ನಂಬರ್ ಕೇಳಿ, ಅಷ್ಟರಲ್ಲಿ ಟೈಮ್ ಮುಗಿದು, ಮತ್ತೆ ಕಳಿಸಿ. ಅಕ್ಕಿ ಬಂತು. ಅಡುಗೆಗೆ ಎಣ್ಣೆ, ಉಪ್ಪು, ಸೋಪು ಮಾತ್ರ ಕಿರಾಣಿಯಿಂದಲೇ, ಅದಕ್ಕೆ ದುಡ್ಡಿಲ್ಲ. ಉದ್ರಿ ಬೇಕಾಗಿದ್ದು ಅಲ್ಲಿ.

ಹಳೇ ಮೇಷ್ಟ್ರು

ಎರಡು ದಿನದಿಂದ ಓದುತ್ತಿದ್ದೇನೆ. ಬರೆಯಲೋ ಬೇಡವೋ ಅಂತ ಇದ್ದೆ.

ಹನ್ನೊಂದು ಮನೆಗೆ ಉದ್ರಿ ಬಿಡಲಿಲ್ಲ ಅಂದಿರಿ. ದೊಡ್ಡ ಮಾತು. ನಾನು ಅಂಥ ಒಂದು ಅಂಗಡಿಯ ಗಿರಾಕಿ. ನಿಮ್ಮದೋ ಬೇರೆಯದೋ ಹೇಳಲ್ಲ. ಆ ಪಟ್ಟಿಯಲ್ಲಿ ನಾನಿರಲಿಲ್ಲ.

ನಾನು ಆಗ ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಏಪ್ರಿಲ್‌ನಿಂದ ಸಂಬಳ ಅರ್ಧ, ಜೂನ್‌ನಿಂದ ಅದೂ ಇಲ್ಲ. ಆಟೋದವನ ಆಟೋ ಮನೆ ಮುಂದೆ ನಿಂತಿದ್ದು ಎಲ್ಲರಿಗೂ ಕಾಣುತ್ತೆ. ನನ್ನ ಕೆಲಸ ನಿಂತಿದ್ದು ಯಾರಿಗೂ ಕಾಣಲ್ಲ. ಇಸ್ತ್ರಿ ಅಂಗಿ ಹಾಕಿಕೊಂಡೇ ಅಂಗಡಿಗೆ ಹೋಗುತ್ತಿದ್ದೆ. "ಮೇಷ್ಟ್ರೇ, ನಿಮಗೇನು ಬಿಡಿ, ಮನೇಲಿ ಕೂತು ಸಂಬಳ" ಅನ್ನುತ್ತಿದ್ದರು. ನಾನೂ ನಗುತ್ತಿದ್ದೆ. ಆ ಮಾತು ಆದ ಮೇಲೆ ಉದ್ರಿ ಕೇಳೋಕೆ ಬಾಯಿ ಬರುತ್ತಾ?

ನನ್ನ ಚೀಟಿ ಚಿಕ್ಕದಾಗುತ್ತಾ ಬಂತು. ಎಣ್ಣೆ ಒಂದು ಲೀಟರ್ ಇದ್ದಿದ್ದು ಅರ್ಧ. ಬೇಳೆ ಒಂದು ಕೆಜಿ ಇದ್ದಿದ್ದು ಕಾಲು. ಕಾಫಿಪುಡಿ ಹೋಗಿ ಟೀಪುಡಿ ಐದು ರೂಪಾಯಿ ಪ್ಯಾಕೆಟ್. ಪುಟಾಣಿ ಬಿಟ್ಟೇ ಬಿಟ್ಟೆ. ಆ ಚೀಟಿ ಪ್ರತಿ ವಾರ ಅವರ ಕೈಗೇ ಹೋಗುತ್ತಿತ್ತು. ತೂಕ ಮಾಡಿ ಕಟ್ಟಿದ್ದೂ ಅವರೇ.

ತಪ್ಪು ಅಂತ ಹೇಳುತ್ತಿಲ್ಲ. ಅವರಿಗೂ ದಿನಕ್ಕೆ ಇನ್ನೂರು ಜನ. ಆದರೆ ತಲೆಯಲ್ಲಿಟ್ಟುಕೊಂಡ ಪಟ್ಟಿ ಅಂದರೆ ಹೀಗೇ. ಕೇಳುವವರಿಗೆ, ಕಾಣುವವರಿಗೆ ಅದು. ಸಿಡ್ನಿ ಅಜ್ಜಿಯ ಹುಡುಗ ಕೂದಲು ನೋಡಿ ಒಳಗೆ ಬಿಟ್ಟ ಹಾಗೆ.

ಲ್ಯಾಬ್ ಕೋಟು

ಸರ್, ಆಮೇಲೆ ಹೇಗೆ ನಡೆಯಿತು?

ಹಳೇ ಮೇಷ್ಟ್ರು

ಹೆಂಡತಿ ಚಿನ್ನ ಬ್ಯಾಂಕಿಗೆ ಹೋಯ್ತು. ನಾನು ತರಕಾರಿ ತಳ್ಳುಗಾಡಿ ಮಾಡಿದೆ, ನಮ್ಮ ಬಡಾವಣೆಯಲ್ಲಲ್ಲ, ಬೇತೂರು ರಸ್ತೆ ಕಡೆ. ತಕ್ಕಡಿ ಹಿಡಿಯೋಕೆ ಬರುತ್ತಿರಲಿಲ್ಲ. ಮೊದಲ ವಾರ ಎಲ್ಲರಿಗೂ ಜಾಸ್ತಿನೇ ತೂಗಿ ಕೊಟ್ಟೆ. ಒಂದು ದಿನ ನನ್ನ ಹಳೇ ವಿದ್ಯಾರ್ಥಿಯೊಬ್ಬ ಟೊಮೆಟೊ ತಗೊಂಡ. ಮಾಸ್ಕ್ ಇತ್ತು, ಗುರುತು ಸಿಗಲಿಲ್ಲ. ಮಾಸ್ಕ್‌ನಿಂದ ನನಗೆ ಆದ ಉಪಕಾರ ಅದು. ಚಿನ್ನ ಬಿಡಿಸಿಕೊಂಡಿದ್ದೇವೆ, ಚಿಂತೆ ಬೇಡ.

ಎಂಸಿಸಿ ಬಿ ಬ್ಲಾಕ್ ಅಕ್ಕ

ಮೇಷ್ಟ್ರೇ, ಬರೆದಿದ್ದು ಒಳ್ಳೆಯದಾಯಿತು.

ಮಂಡಿ ಗುಮಾಸ್ತ

ಹೌದು. ಅಂಗಡಿಯವರ ಕಡೆಯಿಂದ ಒಂದು ಮಾತು. ಅಳತೆ ಕಮ್ಮಿಯಾಗಿದ್ದು ಕಂಡರೂ ಎಷ್ಟೋ ಜನ ಬಾಯಿ ಬಿಡಲ್ಲ. "ಯಾಕೆ ಮೇಷ್ಟ್ರೇ ಕಾಲು ಕೆಜಿ?" ಅಂತ ನಾಲ್ಕು ಜನರ ಮುಂದೆ ಕೇಳಿದರೆ ನಿಮಗೆ ಹೇಗಾಗುತ್ತಿತ್ತು?

ಹಳೇ ಮೇಷ್ಟ್ರು

ಅಂಗಡಿ ಬದಲಾಯಿಸುತ್ತಿದ್ದೆ. ಅದೂ ನಿಜ.

ಸೈಕಲ್ ಡೆಲಿವರಿ

ನಮ್ಮ ಮಾಲೀಕರ ಹೆಂಡತಿ ಇದಕ್ಕೆ ಒಂದು ಉಪಾಯ ಮಾಡಿದ್ದರು. ಚೀಟಿ ಕಮ್ಮಿಯಾದ ಮನೆಗೆ ಕೇಳಿದ್ದಕ್ಕಿಂತ ಜಾಸ್ತಿ ಕಟ್ಟಿ ಕಳಿಸೋರು. ಬಿಲ್‌ನಲ್ಲಿ "ಮುಂದಿನ ತಿಂಗಳು" ಅಂತ ಬರೆದು. ನಾನು ಗೇಟಿಗೆ ನೇತುಹಾಕಿ ಬಂದುಬಿಡುತ್ತಿದ್ದೆ, ಮುಖ ನೋಡೋ ಪ್ರಸಂಗವೇ ಇಲ್ಲ. ಬೇಡ ಅಂದವರು ವಾಪಸ್ ಕಳಿಸಬಹುದಿತ್ತು. ಎರಡು ಮನೆಯವರು ಕಳಿಸಿದರು. ಕೆಲವರದ್ದು ಇನ್ನೂ ಬಾಕಿ ಇದೆ ಅಂತ ಅವರು ಈಗಲೂ ಗೊಣಗುತ್ತಾರೆ, ಅದೂ ಹೇಳಬೇಕಲ್ವಾ.

ವಿನೋಬನಗರ ಕಿರಾಣಿ

ಮೇಷ್ಟ್ರು ಬರೆದಿದ್ದನ್ನು ನಿನ್ನೆ ರಾತ್ರಿ ಅಪ್ಪನಿಗೆ ಓದಿದೆ. ಗಲ್ಲಾದ ದುಡ್ಡು ಎಣಿಸುತ್ತಿದ್ದರು. ಎಣಿಕೆ ತಪ್ಪಿ ಮೊದಲಿಂದ ಶುರು ಮಾಡಿದರು. ಆಮೇಲೆ "ಯಾವ ಮೇಷ್ಟ್ರು?" ಅಂದರು. ಗೊತ್ತಿಲ್ಲ ಅಂದೆ. ತಾವೇ ಮೂರು ಜನರ ಹೆಸರು ಹೇಳಿದರು. "ನಿಮಗೇನು ಬಿಡಿ" ಅನ್ನೋ ಮಾತು ಮೂವರಿಗೂ ಅಂದಿರಬಹುದು ಅಂದರು.

ಆ ವರ್ಷದ ಚೀಟಿಗಳು ಅಟ್ಟದ ಮೇಲೆ ಒಂದು ಬಿಸ್ಕೆಟ್ ಡಬ್ಬದಲ್ಲಿ ಇದ್ದವು. ಬೆಳಿಗ್ಗೆ ನೋಡಿದರೆ ಡಬ್ಬ ಕೆಳಗಿಳಿದಿದೆ, ಅಪ್ಪ ಕನ್ನಡಕ ಹಾಕಿಕೊಂಡು ಕೂತಿದ್ದಾರೆ. ಅರ್ಧಕ್ಕರ್ಧ ಇಲಿ ತಿಂದಿವೆ. ಚಿತ್ರ ಬರೆದ ಬ್ಯಾಂಕಿನವರ ಚೀಟಿ ಸಿಕ್ಕಿತು, ಶೇಂಗಾ ಚಿತ್ರ ಬದನೆಕಾಯಿ ಹಾಗಿದೆ. ಮಿಕ್ಕಿದ್ದನ್ನು ಅವರು ಫೋನ್ ನಂಬರ್ ಪ್ರಕಾರ ಜೋಡಿಸುತ್ತಿದ್ದಾರೆ. ಯಾಕೆ ಅಂತ ನಾನು ಕೇಳಿಲ್ಲ.

ಮೇಷ್ಟ್ರೇ, ಯಾವ ಬಡಾವಣೆ ಅಂತ ಅಪ್ಪ ಕೇಳುತ್ತಿದ್ದಾರೆ. ಹೇಳೋದು ಬೇಡ ಅನ್ನಿಸಿದರೆ ಬೇಡ.

ಹಳೇ ಮೇಷ್ಟ್ರು

ಬೇಡ ಬಿಡಿ. ಪುಟಾಣಿ ಲೂಸ್ ಸಿಗುತ್ತಾ, ಪ್ಯಾಕೆಟ್ ಮಾತ್ರನಾ?

ವಿನೋಬನಗರ ಕಿರಾಣಿ

ಎರಡೂ ಇದೆ ಸರ್. ಲೂಸ್ ಚೆನ್ನಾಗಿದೆ, ಹೊಸ ಚೀಲ. ಸೋಮವಾರದವರೆಗೆ ಮುಂದೆ ಟೈಲ್ಸ್ ಕೆಲಸ, ಪಕ್ಕದ ಬಾಗಿಲಿಂದ ಬರಬೇಕು.